ಸಾವಿರ ಫೈಲು, ಒಂದು ದಾಳಿಂಬೆ

“ಇನ್ನು ಮುಂದೆ ಈ ಮನೆಯಲ್ಲಿ ಯಾರೂ ‘ಮರೆತುಹೋಯಿತು’ ಅನ್ನುವ ಹಾಗಿಲ್ಲ!”

ಸೋಮವಾರ ಹೀಗೆಂದು ಘೋಷಿಸಿದವಳು ಸಾಕ್ಷಾತ್ ನಾನೇ. ಮಗಳು ಹುಟ್ಟಿದಂದಿನಿಂದ ಕಂಪ್ಯೂಟರಿನಲ್ಲಿ ಡೈರಿ ಬರೆಯುತ್ತಿದ್ದೇನೆ. ದಿನಕ್ಕೊಂದು ಫೈಲು, ಮೂರು ವರ್ಷಕ್ಕೆ ಸಾವಿರದ ಮೇಲಾಗಿದೆ. ಅಷ್ಟನ್ನೂ ಒಂದೇ ಏಟಿಗೆ ಜಾಲಾಡುವ ತಂತ್ರಾಂಶವನ್ನು ಅಂದು ಹಾಕಿಕೊಂಡಿದ್ದೆ.

ಬೀಗ ರಿಪೇರಿ ಮಾಡುವ ನನ್ನ ಗಂಡ ಕೀಲಿಗೆ ಅರ ಉಜ್ಜುತ್ತ “ಹ್ಞೂಂ” ಎಂದರು. ಅವರ ಆಸಕ್ತಿ ಅಷ್ಟೇ! ದಿನಾ ಸಂಜೆ ನಾನು ಡೈರಿ ಓದಿ ಹೇಳಿದರೆ ಎರಡನೇ ಸಾಲಿಗೇ ಗೊರಕೆ.

ಬುಧವಾರ ಮಗಳಿಗೆ ಜ್ವರ ಬಂತು. ಹೊಸ ಡಾಕ್ಟರಮ್ಮ ಪಟ್ಟು ಹಿಡಿದರು: “ಹೋದ ವರ್ಷ ಯಾವುದೋ ಔಷಧಿಗೆ ಮೈಯೆಲ್ಲ ದದ್ದು ಎದ್ದಿತ್ತು ಅಂದ್ರಲ್ಲ, ಅದರ ಹೆಸರು ಬೇಕೇ ಬೇಕು. ಅದು ಗೊತ್ತಾಗದೆ ನಾನು ಏನೂ ಬರ್ಕೊಡಲ್ಲಮ್ಮ. ಮಧ್ಯಾಹ್ನ ಒಂದು ಗಂಟೆ ಒಳಗೆ ಫೋನ್ ಮಾಡಿ.”

“ಅದೇನು ಮಹಾ! ಐದೇ ನಿಮಿಷ!”

ಮನೆಗೆ ಬಂದು, ಬಿಸಿ ಬಿಸಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ‘ದದ್ದು’ ಎಂದು ಹುಡುಕಿದೆ. ಸೊನ್ನೆ! ‘ಅಲರ್ಜಿ’ ಎಂದೆ. ಒಂದೇ ಒಂದು ಸಾಲು: “ಇವರ ಗೊರಕೆ ನನಗೆ ಅಲರ್ಜಿ.” ‘ಕೆಂಪು’ ಎಂದೆ. ಇನ್ನೂರ ಹದಿನಾಲ್ಕು! ಕೆಂಪು ಚೆಂಡು, ಕೆಂಪು ಫ್ರಾಕು, ಗಂಡನ ಮೇಲೆ ಕೆಂಪಾದ ನನ್ನ ಕಣ್ಣು.

ಕೊನೆಗೆ ಬ್ರಹ್ಮಾಸ್ತ್ರ! ಈ ತಂತ್ರಾಂಶದಲ್ಲಿ ಪದದ ಬದಲು ಚುಕ್ಕಿ ಹಾಕಿದರೆ ಯಾವ ಅಕ್ಷರವಾದರೂ ಸರಿ, ಅದರ ಪಕ್ಕ ನಕ್ಷತ್ರ ಹಾಕಿದರೆ ಎಷ್ಟಾದರೂ ಸರಿ. ಎರಡನ್ನೂ ಹಾಕಿ ಒತ್ತಿದೆ. ಮೂರು ವರ್ಷದ ಪ್ರತಿಯೊಂದು ಸಾಲೂ ಪರದೆಯ ಮೇಲೆ ದಬದಬ ಸುರಿಯಿತು! ಕಂಪ್ಯೂಟರು ಗರಬಡಿದ ಹಾಗೆ ನಿಂತೇಬಿಟ್ಟಿತು. ಗಡಿಯಾರ ಮಾತ್ರ ನಿಲ್ಲಲಿಲ್ಲ. ಹನ್ನೆರಡೂ ಮುಕ್ಕಾಲು. ಮಗಳು ನರಳಿದಳು. ನನಗೆ ಅಳುವೇ ಬಂತು.

“ರೀ, ಎಲ್ಲಾ ಸಿಗ್ತಿದೆ, ಬೇಕಾದ್ದು ಸಿಗ್ತಿಲ್ಲ!”

“ಎಲ್ಲ ಬೀಗಕ್ಕೂ ಹತ್ತೋ ಕೀಲಿ ಇಟ್ಕೊಂಡವನನ್ನ ನಮ್ಮ ಕಸುಬಲ್ಲಿ ಕಳ್ಳ ಅಂತಾರೆ ಕಣೇ,” ಎನ್ನುತ್ತ ಬಂದು, ಕಂಪ್ಯೂಟರನ್ನು ಆರಿಸಿ ಹಚ್ಚಿದರು. “ಏನಂತ ಹುಡುಕಿದೆ?”

“ದದ್ದು.”

“ನೀನು ಯಾವತ್ತು ದದ್ದನ್ನ ದದ್ದು ಅಂತ ಬರ್ದಿದೀಯಾ? ದಾಳಿಂಬೆ ಅಂತ ಹಾಕು.”

ಹಾಕಿದೆ. ಒಂದೇ ಫಲಿತಾಂಶ! “ಕಂದನ ಬೆನ್ನ ಮೇಲೆ ಯಾರೋ ದಾಳಿಂಬೆ ಬಿಡಿಸಿ ಹರಡಿದಂತೆ...” ಅದರ ಕೆಳಗೇ ಔಷಧಿಯ ಹೆಸರು, ಅಕ್ಷರ ಅಕ್ಷರವಾಗಿ! ಒಂದಕ್ಕೆ ಐದು ನಿಮಿಷವಿರುವಾಗ ಫೋನ್ ಮಾಡಿದೆ.

“ನಿಮಗೆ ಹೇಗ್ರೀ ಗೊತ್ತು? ನಿದ್ದೆ ಮಾಡ್ತಿದ್ರಲ್ಲ!”

“ಕಣ್ಣು ಮುಚ್ಚಿರುತ್ತೆ. ಕಿವಿಗೆಲ್ಲಿದೆ ರೆಪ್ಪೆ?”

ಸಂಜೆ ಮಗಳ ಜ್ವರ ಇಳಿಯಿತು. ಅಂದಿನ ಡೈರಿಯಲ್ಲಿ ಬುದ್ಧಿ ಬಂದವಳಂತೆ ಬರೆದೆ: “ಜ್ವರ. ಔಷಧಿ ಎರಡು ಹೊತ್ತು. ದದ್ದು ಇಲ್ಲ.” ಗಟ್ಟಿಯಾಗಿ ಓದಿಯೂ ಹೇಳಿದೆ.

ಗಂಡ ಕಣ್ಣು ಮುಚ್ಚಿಕೊಂಡೇ ಅಂದರು: “ಹೀಗೆ ಬರೆದ್ರೆ ನನಗೆ ನೆನಪಿರಲ್ಲ ಕಣೇ. ಯಾವುದಾದ್ರೂ ಒಂದು ಹಣ್ಣು ಸೇರಿಸು.”