ಅತ್ತೆಯ ಜಗಳಕ್ಕೊಂದು ಊರು

ಊರು ನೋಡುವುದೂ ಹೆಣ್ಣು ನೋಡುವುದೂ ಹೆಚ್ಚು ಕಡಿಮೆ ಒಂದೇ ಎಂದು ನನ್ನ ಅಭಿಪ್ರಾಯ. ಹೆಣ್ಣು ನೋಡಲು ಹೋದವರಿಗೆ ಕೊನೆಯ ಪಕ್ಷ ಕೇಸರಿಭಾತು ಸಿಗುತ್ತದೆ, ಊರು ನೋಡಲು ಹೋದವರಿಗೆ ಬಸ್‌ಸ್ಟ್ಯಾಂಡಿನ ಟೀ, ಅಷ್ಟೇ ವ್ಯತ್ಯಾಸ. ಎರಡರಲ್ಲೂ ನೂರು ಪ್ರಶ್ನೆ ಕೇಳಿ, ತಲೆಯಾಡಿಸಿ, ಕಡೆಗೆ ಒಪ್ಪುವುದು ಯಾರೂ ಕೇಳದೆ ಉಳಿದ ಯಾವುದೋ ಕಾರಣಕ್ಕೆ. ನೀರು ಸಿಹಿಯೆಂದು ಊರು ಆರಿಸಿದವರನ್ನು ಬಲ್ಲೆ, ಮಕ್ಕಳ ಸ್ಕೂಲು ಹತ್ತಿರವೆಂದು ಆರಿಸಿದವರನ್ನೂ ಬಲ್ಲೆ. ಜಗಳ ಚೆನ್ನಾಗಿದೆಯೆಂದು ಊರು ಆರಿಸಿದ ಸಂಸಾರ ಮಾತ್ರ ನಮ್ಮದೊಂದೇ ಇರಬೇಕು. ಬೆಟ್ಟದ ಮೇಲಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡ ನಾನು ಇದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದು ನೋಡಿದರೆ, ದೇವರಿಗೂ ಸೆನ್ಸ್ ಆಫ್ ಹ್ಯೂಮರ್ ಇದೆ ಅನ್ನಿಸುತ್ತದೆ.

ನಮ್ಮವರ ಕೆಲಸ ಜಬಲ್ಪುರದಲ್ಲಿ. ಮಾವನವರು ತೀರಿಕೊಂಡ ಮೇಲೆ ಅತ್ತೆಯನ್ನೂ ಅಲ್ಲಿಗೇ ಕರೆಸಿಕೊಂಡೆವು. ಅತ್ತೆ ತಮಿಳು ಸೀಮೆಯಲ್ಲಿ ಡ್ಯಾಮಿನ ಪಕ್ಕದ ಕೊಳತ್ತೂರಿನವರು, ಕನ್ನಡ ಮಾತಾಡುವ ಬೇಸಾಯಗಾರರ ಮನೆಯವರು. ಆ ಕಡೆಯಲ್ಲಿ ಅವರ ಬಾಯಿಗೆ ದೊಡ್ಡ ಹೆಸರಿತ್ತು. ಅವರು ಬೀದಿಗಿಳಿದು ಸೆರಗು ಬಿಗಿದರೆ ಅಕ್ಕಪಕ್ಕದವರು ರೇಡಿಯೋ ಆರಿಸಿ ಬಾಗಿಲಿಗೆ ಬರುತ್ತಿದ್ದರಂತೆ. ಅಂಥವರನ್ನು ಹಿಂದಿ ಮಾತಾಡುವ ಊರಿನಲ್ಲಿ ತಂದಿಟ್ಟೆವು. ಬಂದ ಹೊಸದರಲ್ಲಿ ಒಮ್ಮೆ ಪ್ರಯತ್ನಿಸಿದರು. ಪಕ್ಕದ ಮನೆಯಾಕೆ ಕಸವನ್ನು ನಮ್ಮ ಗೇಟಿನ ಕಡೆಗೆ ಗುಡಿಸಿದಳೆಂದು ಹೋಗಿ ಶುದ್ಧ ಕೊಳತ್ತೂರು ಕನ್ನಡದಲ್ಲಿ ಅರ್ಧ ಗಂಟೆ ಹಾಡಿದರು. ಆಕೆ ಎಲ್ಲವನ್ನೂ ಭಕ್ತಿಯಿಂದ ಕೇಳಿ, ಹಾಂಜಿ ಮಾತಾಜಿ ಎಂದು ಕಾಲು ಮುಟ್ಟಿ ನಮಸ್ಕರಿಸಿದಳು. ಕಾಲು ಮುಟ್ಟಿದವಳ ಜೊತೆ ಯಾರು ತಾನೇ ಜಗಳವಾಡಲು ಸಾಧ್ಯ. ಅತ್ತೆ ಒಳಗೆ ಬಂದು ಕೂತರು. ಆಮೇಲಾಮೇಲೆ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ನಾನು ಏನು ಕೇಳಿದರೂ ಬರೀ ಹೂಂ. ಡಾಕ್ಟರು ಎದೆ, ಹೊಟ್ಟೆ ಎಲ್ಲ ನೋಡಿ, ಏಜ್ ಫ್ಯಾಕ್ಟರ್ ಎಂದು ಕೆಂಪು ಬಣ್ಣದ ಟಾನಿಕ್ ಬರೆದುಕೊಟ್ಟರು. ಬಾಟಲಿಗಳು ಖಾಲಿಯಾದವು, ಅತ್ತೆಯೂ ಅವುಗಳ ಜೊತೆಗೇ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತ ಬಂದರು. ಒಳ್ಳೆಯ ಸೊಸೆಯಾಗಿ ನಾನು ಹೆದರಿದೆ. ಕೆಟ್ಟ ಸೊಸೆಯಾಗಿ ಸ್ವಲ್ಪ ಆರಾಮವಾಗಿಯೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ನಮ್ಮವರು ರಿಟೈರ್ ಆದರು. ನಮ್ಮ ಕಡೆಗೇ ಹೋಗಿಬಿಡೋಣ ಎಂದರು. ನಮ್ಮ ಕಡೆ ಎಂದರೆ ಯಾವ ಊರು ಎನ್ನುವಲ್ಲಿ ಪ್ರಾಬ್ಲಂ ಶುರುವಾಯಿತು. ಕೊಳತ್ತೂರಿನ ಮನೆ ಭಾಗವಾಗಿ ಮೈದುನನ ಪಾಲಿಗೆ ಹೋಗಿತ್ತು. ನಮ್ಮವರಿಗೆ ರೈಲ್ವೆ ಜಂಕ್ಷನ್ ಹತ್ತಿರವಿರಬೇಕು, ಎಲ್ಲಿಗೂ ಹೋಗುವವರಲ್ಲ, ಆದರೂ ಇರಬೇಕು. ಮಗಳು ಶೈಲಾಗೆ ಕಾಲೇಜು ಬಸ್ ಬೇಕು, ಕೇಬಲ್ ಟೀವಿಯಲ್ಲಿ ಹಿಂದಿ ಬರಬೇಕು. ನಾನು ಸೇಲಂನಲ್ಲಿ ಹುಟ್ಟಿ ಬೆಳೆದವಳು. ನನ್ನ ತಂದೆ ಸರ್ಕಾರಿ ನೌಕರಿಯವರು. ನನಗೆ ಒಂದು ಡಿಸೆಂಟ್ ಲೊಕಾಲಿಟಿ, ಮೂಲೆಯಲ್ಲೊಂದು ಲೆಂಡಿಂಗ್ ಲೈಬ್ರರಿ, ಕ್ರಿಸ್‌ಮಸ್‌ಗೆ ಪ್ಲಮ್ ಕೇಕ್ ಮಾಡುವ ಬೇಕರಿ, ಮಹಡಿಗೆ ಹೋದರೆ ನನ್ನ ಕಾನ್ವೆಂಟಿದ್ದ ಬೆಟ್ಟ ಕಾಣುವ ಮನೆ, ಇಷ್ಟೇ ಬೇಕಿತ್ತು. ಅತ್ತೆಯನ್ನು ಕೇಳಿದರೆ ಹೂಂ ಎಂದರು.

ಬೇಸಿಗೆಯಲ್ಲಿ ಬಂದು ಸೇಲಂನಲ್ಲಿ ನನ್ನ ತಮ್ಮನ ಮನೆಯಲ್ಲಿ ಇಳಿದುಕೊಂಡೆವು. ಮೊದಲು ನೋಡಿದ್ದು ಅವನ ಬೀದಿಯಲ್ಲೇ ಇದ್ದ ಒಂದು ಮನೆ. ಬಾಗಿಲಿಗೆ ಬಣ್ಣದ ಗಾಜು, ಮಹಡಿಯಿಂದ ಬೆಟ್ಟ, ಎಲ್ಲ ನಾನೇ ಆರ್ಡರ್ ಕೊಟ್ಟು ಮಾಡಿಸಿದ ಹಾಗಿತ್ತು. ಮನಸ್ಸಿನಲ್ಲಿ ಆಗಲೇ ಕರ್ಟನ್ ಹಾಕಿಬಿಟ್ಟೆ. ಅತ್ತೆ ಅಡುಗೆಮನೆಗೆ ಹೋಗಿ, ಗೋಡೆಯಲ್ಲಿ ತೇವವಿದೆ, ಇದನ್ನು ಮನೆ ಅನ್ನುತ್ತಾರಾ ಎಂದರು. ಎಷ್ಟೋ ಕಾಲದ ಮೇಲೆ ಅವರ ಬಾಯಿಂದ ಬಂದ ಪೂರ್ತಿ ವಾಕ್ಯ ಅದು. ಮನೆಯೊಡತಿಯೂ ಕನ್ನಡದವರೇ. ನೀವು ಹೇಳೋದು ಕರೆಕ್ಟ್ ಅಮ್ಮಾ, ರಿಪೇರಿ ಮಾಡಿಸಿಕೊಡ್ತೀವಿ ಎಂದು ನಕ್ಕರು. ಅತ್ತೆಯ ಮುಖ ಆರಿದ ದೀಪದ ಹಾಗಾಯಿತು. ಆಮೇಲೆ ಪಾಲಕೋಡಿಗೆ ಹೋದೆವು. ಟೊಮೇಟೊ ಮಂಡಿಯ ಮುಂದೆ ಒಂದು ಹಣ್ಣು ಎತ್ತಿ ಇದು ಕೊಳೆತಿದೆ ಎಂದರು. ವ್ಯಾಪಾರಿಗೆ ಪುರುಸೊತ್ತಿರಲಿಲ್ಲ, ತಮಿಳಿನಲ್ಲೇ ಒಂದು ಮಾತು ಅಂದು, ಬಾಯಿ ಮುಚ್ಚಿಸಲು ಎರಡು ಹಣ್ಣು ಪುಕ್ಕಟೆ ಕೊಟ್ಟ. ನಿಮಗೂ ತಮಿಳು ಬರುತ್ತದಲ್ಲ ಅತ್ತೆ, ನಾಲ್ಕು ಮಾತು ಅನ್ನಬಾರದಿತ್ತೇ ಎಂದೆ. ತಮಿಳಿನಲ್ಲಿ ಜಗಳವಾಡುವುದೆಂದರೆ ಇನ್ನೊಬ್ಬರ ಒಲೆಯಲ್ಲಿ ಮುದ್ದೆ ತೊಳಸಿದ ಹಾಗೆ, ಕೈ ಬೀಸಲು ಜಾಗ ಸಾಲದು ಎಂದು ಗೊಣಗಿ ಮತ್ತೆ ಹೂಂಗೆ ಮರಳಿದರು.

ನಲ್ಲಂಪಳ್ಳಿ ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಧರ್ಮಪುರಿಗೆ ಹೋಗುವಾಗ, ತಮ್ಮನ ಆಫೀಸಿನವರೊಬ್ಬರ ಮನೆ ಅಲ್ಲಿ ಖಾಲಿಯಿದೆ, ನೋಡದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಇಳಿದೆವು. ಬೀದಿಯ ಅರ್ಧಕ್ಕೆ ಗೋಣಿತಟ್ಟು ಹಾಸಿ ಬೀಜ ಬಿಡಿಸಿದ ಹುಣಸೆಹಣ್ಣು ಒಣಗಲು ಹಾಕಿದ್ದರು. ಅತ್ತೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದವರು ನೇರವಾಗಿ ಅದರ ನಡುವೆ ಕಾಲಿಟ್ಟರು. ಚಪ್ಪಲಿಗೆ ಒಂದು ಹಿಡಿ ಹಣ್ಣು ಅಂಟಿಕೊಂಡಿತು. ನಾನು ಸಾರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಾವು ನೋಡಬೇಕಿದ್ದ ಮನೆಯ ಪಕ್ಕದ ಜಗಲಿಯಿಂದ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಎದ್ದಳು. ಅವಳೇ ಮಾದಮ್ಮ, ಬಾಯಿ ತೆರೆದರೆ ಅಪ್ಪಟ ಕನ್ನಡ.

"ಯಾರಮ್ಮ ನೀನು, ಕಣ್ಣ ಬಸ್ನಾಗೇ ಬಿಟ್ಟು ಇಳಿದು ಬಂದ್ಯಾ?"

ಅತ್ತೆ ನಿಂತರು. ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು, ನಿಧಾನವಾಗಿ, ಸಂಗೀತಗಾರರು ತಂಬೂರಿ ಸರಿಮಾಡಿಕೊಳ್ಳುವ ಹಾಗೆ.

"ಜನ ತಿರುಗಾಡೋ ದಾರೀಲಿ ಉಣಸೇಣ್ಣು ಅರವ್ಕಂಡು ಕೂತವ್ಳೆ ಮಾರಾಣಿ. ದಾರಿ ಏನು ನಿಮ್ಮಪ್ಪ ಬರೆದುಕೊಟ್ಟವ್ನಾ?"

"ನಮ್ಮಪ್ಪನ ಸುದ್ದಿ ಯಾಕೆ? ಅವನು ಬರೆದುಕೊಟ್ಟಿದ್ರೆ ನಿನ್ನಂತೋಳು ಇಲ್ಲಿ ಕಾಲಿಡಾಕೇ ಆಯ್ತಿರ್ಲಿಲ್ಲ. ಚಪ್ಲಿಗೆ ಅಂಟಿರೋದ ಬಿಡಿಸಿ ಇಕ್ಕು, ನಿಮ್ಮನೆ ಸಾರಿಗಾಯ್ತದೆ."

"ಈ ನಾರಿನಾಗೆ ಸಾರಾ? ನಮ್ಮ ಕೊಳತ್ತೂರಾಗೆ ಇದ್ನ ಚೊಂಬು ತಿಕ್ಕಾಕೂ ಮುಟ್ಟಲ್ಲ."

"ಓ, ಕೊಳತ್ತೂರಾ. ಅದಕ್ಕೇ ಮತ್ತೆ. ಡ್ಯಾಮ್ ನೀರು ಕುಡ್ದ ಬಾಯಿ, ಗೇಟು ತೆಗೆದ್ರೆ ನಿಲ್ಲಾದಿಲ್ಲ."

ಅತ್ತೆಯ ಕಣ್ಣಿನಲ್ಲಿ ಆ ಬೆಳಕು ನಾನು ಶೈಲಾ ಹುಟ್ಟಿದಾಗ ಕಂಡದ್ದು, ಆಮೇಲೆ ಅವತ್ತೇ. ಮುಂದಿನದನ್ನು ಬರೆಯಲು ನನ್ನ ಕಾನ್ವೆಂಟ್ ಎಜುಕೇಶನ್ ಬಿಡುವುದಿಲ್ಲ. ಇಬ್ಬರ ವಂಶವೂ ಮೂರು ತಲೆಮಾರು ಹಿಂದಕ್ಕೆ ಹೋಗಿಬಂತು ಎಂದಷ್ಟೇ ಹೇಳುತ್ತೇನೆ. ನಡುವೆ ಅತ್ತೆಗೆ ಕೆಮ್ಮು ಬಂತು. ಮಾದಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು ಕಾದು ನಿಂತಳು. ಅತ್ತೆ ಅಷ್ಟನ್ನೂ ಕುಡಿದು, ಬಾಯಿ ಒರೆಸಿಕೊಂಡು, ಚೊಂಬನ್ನು ಬಿಸಿಲಿಗೆ ಹಿಡಿದು ನೋಡಿ, "ಈ ಚೊಂಬು ನೋಡಿದ್ರೇ ಗೊತ್ತಾಯ್ತದೆ ನಿನ್ನ ಉಣಸೇಣ್ಣಿನ ಬಾಳು" ಎಂದರು. ಜಗಲಿಗಳಲ್ಲಿ ಕೂತಿದ್ದವರು ತಲೆದೂಗಿದರು. ಮನೆ ನೋಡಲು ಬಂದ ನಾವು ಮನೆ ನೋಡುವುದನ್ನೇ ಮರೆತಿದ್ದೆವು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಸೇಲಂ ತಲುಪುವವರೆಗೆ ಬಾಯಿ ಮುಚ್ಚಲಿಲ್ಲ. ಕಂಡಕ್ಟರನಿಗೆ ಬೈದದ್ದಾಯಿತು, ಮುಚ್ಚದ ಕಿಟಕಿಗೆ ಆಯಿತು, ಮಗನ ಬೋಳುತಲೆಗೆ ಆಯಿತು. ಕಡೆಗೆ ನನ್ನ ಕಡೆ ತಿರುಗಿ, "ಲೇ, ಸೀರೆ ಉಟ್ಟಿದ್ದೀಯೋ, ಬಚ್ಚಲಿಗೆ ತಡಿಕೆ ಕಟ್ಟಿದ್ದೀಯೋ?" ಎಂದರು. ವರ್ಷಗಳ ಮೇಲೆ ಅವರು ನನ್ನನ್ನು ಲೇ ಎಂದಿದ್ದರು. ಮದುವೆಯಾದ ಹೊಸದರಲ್ಲಿ ಆ ಲೇಗೆ ಬಾತ್‌ರೂಮಿನಲ್ಲಿ ಅತ್ತವಳು ನಾನು. ಈಗಲೂ ಕಣ್ಣಿನಲ್ಲಿ ನೀರು ಬಂತು, ಬೇರೆ ಟೇಸ್ಟಿನದು. ತಮ್ಮನ ಮನೆಯಲ್ಲಿ ಅತ್ತೆ ಎರಡನೆಯ ಸಲ ಮುದ್ದೆ ಹಾಕಿಸಿಕೊಂಡರು. ಶೈಲಾ ನನ್ನ ಕಿವಿಯಲ್ಲಿ, "ಅಜ್ಜಿಗೆ ಬೇಕಾಗಿದ್ದು ಟಾನಿಕ್ ಅಲ್ಲಮ್ಮಾ, ಒಬ್ಬ ಆಪೊನೆಂಟ್" ಎಂದಳು.

ಮರುದಿನ ಬಣ್ಣದ ಗಾಜಿನ ಮನೆಗೆ ಅಡ್ವಾನ್ಸ್ ಕೊಡಬೇಕಿತ್ತು. ನಮ್ಮವರು ಧೈರ್ಯಸ್ಥರು, ಆದ್ದರಿಂದ ತೀರ್ಮಾನ ನಿನ್ನದೇ ಎಂದು ನನಗೆ ಬಿಟ್ಟು ಪೇಪರಿನ ಹಿಂದೆ ಅಡಗಿಕೊಂಡರು. ತಮ್ಮನ ಮನೆಯ ಮಹಡಿಗೆ ಹೋಗಿ ಬೆಟ್ಟವನ್ನು ಒಂದು ಸಲ ನೋಡಿದೆ. ಕೋಪ ಬಂದರೆ ಒಂದರಿಂದ ಹತ್ತರವರೆಗೆ ಎಣಿಸಿ ಆಮೇಲೆ ಮಾತಾಡಿ ಎಂದು ಅಲ್ಲಿನ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಜೀವಮಾನವಿಡೀ ಎಣಿಸಿದ್ದೇನೆ. ನಾನು ಹತ್ತು ಮುಟ್ಟುವಷ್ಟರಲ್ಲಿ ಎದುರಿನವರು ಗೆದ್ದು ಮನೆಗೆ ಹೋಗಿರುತ್ತಾರೆ. ಅವತ್ತೂ ಹತ್ತು ಎಣಿಸಿದೆ. ಕೆಳಗಿಳಿದು ಬಂದು ನಲ್ಲಂಪಳ್ಳಿ ಎಂದೆ.

ಲೈಬ್ರರಿಯಿಲ್ಲ, ಪ್ಲಮ್ ಕೇಕಿಲ್ಲ, ಕೇಬಲ್ಲು ಮಳೆ ಬಂದರೆ ಇಲ್ಲ. ಆದರೆ ಬೆಳಿಗ್ಗೆ ಕಾಫಿಯಾದ ಮೇಲೆ ಕಾಂಪೌಂಡಿನ ಎರಡು ಕಡೆ ಇಬ್ಬರೂ ತಪ್ಪದೆ ಹಾಜರು. ಹಬ್ಬಕ್ಕೆ ರಜೆ, ಅವತ್ತು ಒಬ್ಬಟ್ಟು ಹೋಗಿ ಬರುತ್ತಿತ್ತು, ಹೂರಣ ಗಟ್ಟಿ ಎಂಬ ಮಾತು ಮಾರನೆಯ ದಿನಕ್ಕೆ ಕಾದಿರುತ್ತಿತ್ತು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಂದ ಮೆಣಸಿನ ಸಾರು ಬೈಗುಳದ ಸಮೇತ ಬರುತ್ತಿತ್ತು. ಅತ್ತೆ ಟಾನಿಕ್ ಇಲ್ಲದೆ ಕೆಲವು ವರ್ಷ ಧಾರಾಳವಾಗಿ ಬದುಕಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಾದಮ್ಮ ಬಂದು ತಲೆಯ ಹತ್ತಿರ ನಿಂತು, "ಬೆಳಿಗ್ಗೆ ನಾನು ಕೇಳಿದ್ದಕ್ಕೆ ಜವಾಬು ಕೊಡ್ದೆ ಓಗ್ಬಿಟ್ಟೆಯಲ್ಲೇ" ಎಂದಳು. ತಿಥಿಯ ಅಡುಗೆಗೆ ಅವಳ ಮನೆಯಿಂದಲೇ ಹುಣಸೆಹಣ್ಣು ಬಂತು.

ತಿಂಗಳು ಕಳೆದಿರಬೇಕು. ಕಾಂಪೌಂಡಿನಾಚೆಯಿಂದ ದನಿ ಕೇಳಿಸಿತು, "ಲೇ ಇಂಗ್ಲೀಷಮ್ಮಾ, ನಿಮ್ಮ ನುಗ್ಗೆ ಎಲೆಯೆಲ್ಲ ನಮ್ಮಂಗಳಕ್ಕೇ ಬೀಳ್ತೈತೆ, ಕೂಲಿ ಯಾರು ಕೊಡ್ತಾರೆ?" ನಾನು ಒನ್, ಟೂ ಎಂದು ಶುರುಮಾಡಿದೆ. ಮಾದಮ್ಮ ಸೊಂಟಕ್ಕೆ ಕೈಯಿಟ್ಟು ಮರ್ಯಾದೆಯಿಂದ ಕಾದಳು. ಮೂರಕ್ಕೇ ನನ್ನ ಬಾಯಿ ತೆರೆದುಕೊಂಡಿತು. ಮೊದಲು ಬಂದದ್ದು ಎಕ್ಸ್‌ಕ್ಯೂಸ್ ಮಿ. ಆಮೇಲೆ ಬಂದದ್ದನ್ನು ಕೇಳಿ ನಮ್ಮವರು ಪೇಪರ್ ಕೆಳಗಿಟ್ಟರು.

ಈಗ ಮಾದಮ್ಮ ಊರಿನಲ್ಲಿಲ್ಲ. ಮಗಳ ಬಾಣಂತನಕ್ಕೆಂದು ಪಾಲಕೋಡಿಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೋ, ಕೂಸು ಯಾವಾಗ ದೊಡ್ಡದಾಗುತ್ತದೋ. ನುಗ್ಗೆ ಎಲೆ ಬಿದ್ದಲ್ಲೇ ಬಿದ್ದಿದೆ. ಒಂದೆರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ. ನಮ್ಮವರು ಏನು ಕೇಳಿದರೂ ಹೂಂ ಎನ್ನುತ್ತಿದ್ದೇನಂತೆ. ಇವತ್ತು ಬೆಳಿಗ್ಗೆ ಧರ್ಮಪುರಿಗೆ ಹೋಗಿ ಬಂದು, ಮೇಜಿನ ಮೇಲೆ ಟಾನಿಕ್ ಬಾಟಲಿ ಇಟ್ಟಿದ್ದಾರೆ. ಅದೇ ಕೆಂಪು ಬಣ್ಣ.