ನವರಂಗನ ಹಾಜರಿ

ಬಂದವರನ್ನು ಬಂದರು ಎಂದು ಬರೆಯುವುದು, ಬಾರದವರನ್ನು ಬರಲಿಲ್ಲ ಎಂದು ಬರೆಯುವುದು. ಇಷ್ಟು ಮಾಡಲು ಬಂದರೆ ಸಾಕು, ಮನುಷ್ಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಬಹುದು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ದಾಟಿದ ನಾನು ಮಾದಾಪುರದ ಆಚೆಯ ಒಂದು ಎಸ್ಟೇಟಿನಲ್ಲಿ, ತಲೆಕೂದಲು ಕಪ್ಪಗಿದ್ದಾಗ ಈ ಕೆಲಸಕ್ಕೆ ಸೇರಿ, ಕೂದಲೇ ಇಲ್ಲದಾದ ಮೇಲೆ ನಿವೃತ್ತನಾದೆ. ಕೇಳುವುದಕ್ಕೆ ಸುಲಭದ ಕೆಲಸ. ಆದರೆ ಬಂದವರು, ಬಾರದವರು ಇಬ್ಬರ ನಡುವೆ ಮೂರನೆಯ ಒಂದು ಪಂಗಡ ಉಂಟು. ಅವರು ಬರುತ್ತಾ ಇರುವವರು. ನಾನು ಕೆಟ್ಟದ್ದು ಈ ಮೂರನೆಯವರಿಂದ.

ಬೆಳಿಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಕೂಗುತ್ತೇನೆ. "ಗೌರಿ" ಎಂದರೆ ಗೌರಿ ಇಲ್ಲ. "ಬರ್ತಾ ಇದ್ದಾಳೆ ರೈಟ್ರೇ, ಒಲೆ ಮೇಲೆ ಗಂಜಿ ಇಟ್ಟಿದ್ದಾಳೆ" ಎಂದು ಅವಳ ನಾದಿನಿ ಕೂಗುತ್ತಾಳೆ. ಗೌರಿ ಕೆಲಸ ತಪ್ಪಿಸುವವಳಲ್ಲ. ಅವಳನ್ನು ಗೈರುಹಾಜರಿ ಎಂದು ಬರೆಯಲು ಕೈ ಬಾರದು. ಹಾಗೆಂದು ಹಾಜರಿ ಹಾಕುವಂತೆಯೂ ಇಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ. ಆಳು ಬಂದ ಮೇಲೆ ಆ ಚುಕ್ಕಿಗೆ ಮೇಲ್ಮುಖವಾಗಿ ಒಂದು ಬಾಲ ಎಳೆದರೆ ರೈಟ್ ಮಾರ್ಕು. ತೊಂದರೆ ಏನೆಂದರೆ, ವರ್ಷಗಳು ಕಳೆದಂತೆ ಆಳು ಬರುವ ಮೊದಲೇ ಬಾಲ ಎಳೆಯುವ ಧೈರ್ಯ ನನಗೆ ಬಂದುಬಿಟ್ಟಿತು. ಒಮ್ಮೆ ಮುತ್ತು ಎಂಬ ಆಳಿಗೆ ಹೀಗೆಯೇ ಬಾಲ ಎಳೆದು ಕುಳಿತಿದ್ದೆ. ಮಧ್ಯಾಹ್ನ ಮ್ಯಾನೇಜರ್ ಬಂದು ನನ್ನ ಮೇಜಿನ ಮುಂದೆ ನಿಂತರು. "ರೈಟ್ರೇ, ನಮ್ಮ ಎಸ್ಟೇಟು ಎಲ್ಲಿವರೆಗೆ ಉಂಟು?" ಎಂದರು. "ಹೊಳೆಯ ತನಕ ಸಾರ್" ಎಂದೆ. "ಅಲ್ಲ, ಸುಂಟಿಕೊಪ್ಪ ಸಂತೆಯ ತನಕ ಇರಬೇಕು. ಮುತ್ತು ಅಲ್ಲಿ ಹುಂಜ ಕೊಳ್ತಾ ಇದ್ದಾನೆ" ಎಂದರು. ಆ ದಿನ ನಾನು ಪಾಠ ಕಲಿತೆ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ.

ನಿವೃತ್ತನಾದ ಮೇಲೆ ಕೂಗಲು ಹೆಸರುಗಳಿಲ್ಲದೆ ಬೆಳಗು ಬಿಕೋ ಎನ್ನುತ್ತಿತ್ತು. ಆಗ ನನ್ನನ್ನು ಹಿಡಿದವರು ತಂಗಮ್ಮ ಟೀಚರ್. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಪ್ರತಿ ಚಳಿಗಾಲದಲ್ಲಿ ಒಂದು ದಿನ, ನಮ್ಮ ಎಸ್ಟೇಟಿನ ಗೇಟಿನಿಂದ ಹೊಳೆಯ ಆಚೆಯ ಗದ್ದೆಯವರೆಗೆ ಒಂದೇ ದಾರಿಯಲ್ಲಿ ನಡೆದು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಎಣಿಸುವುದು ಅವರ ವ್ರತ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯವರು ಹೀಗೇ ಎಣಿಸಿ ಪಟ್ಟಿ ಕಳಿಸುತ್ತಾರಂತೆ. "ನಿಮ್ಮ ಅಕ್ಷರ ಚೆಂದ ಉಂಟು ರೈಟ್ರೇ. ನೀವು ಬರೀರಿ, ನಾವು ನೋಡ್ತೇವೆ" ಎಂದರು. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಜಾನಕಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಗೂಡಲ್ಲಿ ನಮ್ಮ ಕೋಳಿ ಎಷ್ಟು ಉಂಟು ಅಂತ ಕೇಳಿದ್ರೆ ನಿಮಗೆ ಗೊತ್ತಿಲ್ಲ. ಕಾಡಿನ ಹಕ್ಕಿ ಎಣಿಸ್ಲಿಕ್ಕೆ ಹೊರಟಿದ್ದಾರೆ ಇವರು!"

ನಮ್ಮ ತಂಡದ ಮೂರನೆಯವರು ಹಂಝಾಕ. ಮಡಿಕೇರಿ–ಸೋಮವಾರಪೇಟೆ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್. ಕಣ್ಣು ಸ್ವಲ್ಪ ಮಂಜು, ಕಿವಿ ಮಾತ್ರ ಬಹಳ ಚುರುಕು. ಅವರಿಗೆ ಹಕ್ಕಿಯ ಕೂಗೆಲ್ಲ ಕೇಳಿಸುವುದು ಬಸ್ಸಿನ ಭಾಷೆಯಲ್ಲಿ. ಕುಟ್ರುಹಕ್ಕಿ ಎಂದರೆ ಸೆಕೆಂಡ್ ಗೇರಿನಲ್ಲಿ ಏರು ಹತ್ತುವ ಗಾಡಿ. ಮರಕುಟಿಗ ಎಂದರೆ ಸಡಿಲವಾದ ಬಾನೆಟ್. ಹರಟೆಮಲ್ಲಗಳ ಗುಂಪು ಎಂದರೆ ಚಿಲ್ಲರೆಗಾಗಿ ಕಂಡಕ್ಟರನ ಮೇಲೆ ಮುಗಿಬಿದ್ದ ಪ್ಯಾಸೆಂಜರುಗಳು. "ಟೀಚರೇ, ಬಲಗಡೆ ತಿರುವಲ್ಲಿ ಬ್ರೇಕ್ ಕಿರ್ ಅಂತು" ಎಂದು ಅವರು ಹೇಳಿದರೆ, ಟೀಚರ್ ದುರ್ಬೀನು ತಿರುಗಿಸಿ ಹಕ್ಕಿಯ ಹೆಸರು ಹೇಳುತ್ತಿದ್ದರು. ನಾನು ಬರೆಯುತ್ತಿದ್ದೆ.

ಇಂಥ ದೊಡ್ಡ ಕೆಲಸಕ್ಕೆ ತಯಾರಿ ಬೇಡವೇ? ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್ ರೋಲ್ ಪುಸ್ತಕವೊಂದು ನನ್ನಲ್ಲಿತ್ತು. ಹಿಂದಿನ ವರ್ಷದ ಪಟ್ಟಿ ನೋಡಿಕೊಂಡು, ಗೀಟು ಹಾಕಿ, ಹಕ್ಕಿಗಳ ಹೆಸರನ್ನೆಲ್ಲ ಮೊದಲೇ ಬರೆದು ತಂದಿದ್ದೆ. ಕಾಗೆಯಿಂದ ಆರಂಭವಾಗಿ ಕೊನೆಗೆ ನವರಂಗ. ಟೀಚರ್ ನೋಡಿ ಸೊಂಟಕ್ಕೆ ಕೈ ಇಟ್ಟರು. "ಎಂತ ರೈಟ್ರೇ ಇದು, ಅವು ಎದ್ದು ಮುಖ ತೊಳೆಯುವ ಮೊದಲೇ ಹೆಸರು ಕೂಗಿಬಿಟ್ಟಿದ್ದೀರಲ್ಲ!"

ನವರಂಗನ ಬಗ್ಗೆ ಎರಡು ಮಾತು ಹೇಳಬೇಕು. ಮುಷ್ಟಿಯೊಳಗೆ ಹಿಡಿಯುವಷ್ಟು ಹಕ್ಕಿ. ಮೈಮೇಲೆ ಒಂಬತ್ತು ಬಣ್ಣ, ಬಾಲ ಮಾತ್ರ ಇದ್ದೂ ಇಲ್ಲದ ಹಾಗೆ ಮೊಟಕು. ಚಳಿಗಾಲಕ್ಕೆ ಉತ್ತರದಿಂದ ಹಾರಿಬಂದು, ನಮ್ಮ ಹೊಳೆಯ ಬದಿಯ ಪೊದೆಗಳ ಕೆಳಗೆ ತರಗೆಲೆ ಕೆದಕಿಕೊಂಡು ಇರುತ್ತದೆ. ಟೀಚರ್ ಎಣಿಸಲು ಆರಂಭಿಸಿದಂದಿನಿಂದ ಒಂದು ವರ್ಷವೂ ತಪ್ಪಿಸಿಕೊಂಡದ್ದಿಲ್ಲ. ಎಸ್ಟೇಟಿನ ಈಗಿನ ಧಣಿ ಉತ್ತಯ್ಯ, ನಮ್ಮ ಹಳೆಯ ಧಣಿಯ ಮಗ, ಟೀಚರ ಶಿಷ್ಯ. ತಮ್ಮ ಹೋಂಸ್ಟೇಗೆ ಅದರ ಹೆಸರನ್ನೇ ಇಟ್ಟಿದ್ದಾರೆ. ಬೋರ್ಡಿನ ಮೇಲೆ ಚಿತ್ರವೂ ಉಂಟು. ಬಾಲವಿಲ್ಲದ ಹಕ್ಕಿ ಬೋರ್ಡಿಗೆ ಕಳೆ ಕೊಡುವುದಿಲ್ಲ ಎಂದು ಪೇಂಟರ್ ಅದಕ್ಕೆ ಒಂದು ಮೊಳ ಬಾಲ ಬರೆದಿದ್ದಾನೆ. ಆ ಪೇಂಟರನನ್ನು ನೋಡಿ ನಗುವ ಹಕ್ಕು ನನಗಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಹೋದ ವರ್ಷದ ಎಣಿಕೆಯ ಹೊತ್ತಿಗೆ ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸಲೆಂದು ಹೊಳೆಬದಿಯ ಪೊದೆಯಲ್ಲಿ ಅರ್ಧ ಸವರಿಬಿಟ್ಟಿದ್ದರು. ಉಳಿದರ್ಧ ನಿಂತಿತ್ತು. ಅಂದು ಕಾಗೆ, ಮೈನಾ, ಪಿಕಳಾರ, ಗಿಳಿ, ಮಂಗಟ್ಟೆ ಎಲ್ಲ ಕ್ರಮವಾಗಿ ಬಂದು ಹಾಜರಿ ಕೊಟ್ಟವು. ನವರಂಗನ ಮುಂದೆ ಮಾತ್ರ ಚುಕ್ಕಿ. ಟೀಚರ್ ಹೊಳೆಬದಿಯಲ್ಲಿ ನಿಂತು ಸುಮಾರು ಹೊತ್ತು ಕಿವಿಗೊಟ್ಟರು. ಆಮೇಲೆ ಗದ್ದೆ ಬಾಕಿ ಇತ್ತಲ್ಲ, "ರೈಟ್ರೇ, ನಿಮಗೆ ಮೊಣಕಾಲು ನೋವು. ನೀವು ಇಲ್ಲಿ ಕೂತಿರಿ. ಕಂಡ್ರೆ ಬರೀರಿ. ನಿಮ್ಮ ಮೇಲೆ ನಂಗೆ ಪೂರ್ತಿ ನಂಬಿಕೆ ಉಂಟು" ಎಂದು ಹಂಝಾಕನನ್ನು ಕರೆದುಕೊಂಡು ಹೊಳೆಗೆ ಹಾಕಿದ ಕಾಲುಸಂಕ ದಾಟಿದರು.

ಕಲ್ಲಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಮುಂಜಾನೆಯಿಂದ ಇಬ್ಬನಿಯಲ್ಲಿ ನಡೆದು ಪಾದ ಮರಗಟ್ಟಿದ್ದವು. ಜಾನಕಿ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಎಳ್ಳಿನ ಚಟ್ನಿ ತಿಂದೆ. ಫ್ಲಾಸ್ಕಿನ ಕಾಫಿ ಕುಡಿದೆ. ಹೊಳೆ ಜುಳುಜುಳು ಎನ್ನುತ್ತಿತ್ತು. ಇನ್ನು ಮುಂದಿನದನ್ನು ನಾನು ಹೇಳಲಾರೆ, ಯಾಕೆಂದರೆ ನನಗೇ ಗೊತ್ತಿಲ್ಲ. ಎಚ್ಚರವಾದಾಗ ಟೀಚರ್ ಎದುರಿಗಿದ್ದರು. ಅವರ ಮುಖದಲ್ಲಿ ಪರೀಕ್ಷೆಯ ಫಲಿತಾಂಶ ಕಾಯುವವರ ಆತಂಕ. "ಬಂದನಾ ರೈಟ್ರೇ?"

ನಿದ್ದೆ ಹೋಗಿದ್ದೆ ಎನ್ನಲು ನಾಚಿಕೆ. ಬರಲಿಲ್ಲ ಎನ್ನಲು ಆ ಮುಖ ನೋಡಿ ಮನಸ್ಸಾಗಲಿಲ್ಲ. ಜೊತೆಗೆ ನನ್ನ ಹಳೆಯ ತರ್ಕವೂ ಇತ್ತು. ಇಷ್ಟು ವರ್ಷ ತಪ್ಪದೆ ಬಂದವನು ಎಲ್ಲಿ ಹೋಗುತ್ತಾನೆ, ಹಿಂದೆಯೇ ಬರುತ್ತಾ ಇರುತ್ತಾನೆ. "ಬಂದಿದ್ದ" ಎಂದೆ. ಕೈ ತನ್ನಷ್ಟಕ್ಕೆ ಚುಕ್ಕಿಗೆ ಬಾಲ ಎಳೆಯಿತು. ಬಾಲವಿಲ್ಲದ ಹಕ್ಕಿಗೆ ಬಾಲ ಬರೆದವರಲ್ಲಿ ಪೇಂಟರ್ ಮೊದಲನೆಯವನು, ನಾನು ಎರಡನೆಯವನು. ಬಂದಿದ್ದ ಎಂದರೆ ಟೀಚರ್ ಸಂತೋಷಪಡುತ್ತಾರೆ ಎಂದುಕೊಂಡಿದ್ದವನಿಗೆ ಅವರ ಮುಖ ಯಾಕೋ ಇನ್ನೂ ಸ್ವಲ್ಪ ಸಣ್ಣಗಾದಂತೆ ಕಂಡಿತು. ನಾನು ಅದನ್ನು ಹಸಿವು ಎಂದು ಭಾವಿಸಿ, ಉಳಿದಿದ್ದ ರೊಟ್ಟಿ ಕೊಟ್ಟೆ.

ವಾರ ಕಳೆದು ಸುಂಟಿಕೊಪ್ಪಕ್ಕೆ ಹೊರಟಿದ್ದೆ. ಎಸ್ಟೇಟಿನ ಗೇಟಿನ ಹತ್ತಿರ ಒಂದು ಜೆಸಿಬಿ ನಿಂತಿತ್ತು. ಉತ್ತಯ್ಯ ಜೀಪಿನಿಂದ ತಲೆ ಹೊರಹಾಕಿ ಕೂಗಿದರು. "ರೈಟ್ರೇ, ಥ್ಯಾಂಕ್ಸ್ ಮಾರಾಯ್ರೇ! ನೀವು ನನ್ನ ಪಾರ್ಕಿಂಗ್ ಉಳಿಸಿದಿರಿ."

"ನಾನಾ? ಎಂತ ಮಾಡಿದೆ ನಾನು?"

"ಟೀಚರಿಗೂ ನನಗೂ ಮಾತಾಗಿತ್ತು. ಪೊದೆ ಸವರಿದ್ರೆ ನವರಂಗ ಬಿಟ್ಟು ಹೋಗ್ತಾನೆ ಅಂತ ಅವರು. ಅವನಿಗೆ ಎಂತದೂ ಆಗೋದಿಲ್ಲ ಅಂತ ನಾನು. ಈ ವರ್ಷ ಬಾರದಿದ್ರೆ ಉಳಿದದ್ದು ಮುಟ್ಟೋದಿಲ್ಲ, ಸವರಿದ್ದು ಕೂಡ ಬೆಳೆಯಲಿ ಅಂತ ಬಿಡ್ತೇನೆ. ಬಂದ್ರೆ ಪೂರ್ತಿ ಸವರ್ತೇನೆ ಅಂದಿದ್ದೆ. ಟೀಚರ್ ಒಪ್ಪಿದ್ರು. ಬಂದಿದ್ದಾನಲ್ಲ! ನೀವೇ ಕಂಡದ್ದಂತೆ. ನಾಳೆ ಬೆಳಿಗ್ಗೆ ಕೆಲಸ ಶುರು."

ಸುಂಟಿಕೊಪ್ಪಕ್ಕೆ ಯಾಕೆ ಹೊರಟಿದ್ದೆ ಎಂಬುದು ಇವತ್ತಿಗೂ ನೆನಪಿಲ್ಲ. ಬರೆಯುವವನ ಮನಸ್ಸು ವಾಲಬಾರದು ಎಂದು ಟೀಚರ್ ಆ ಒಪ್ಪಂದವನ್ನು ನನಗೆ ಹೇಳಿರಲಿಲ್ಲ. ಅಂಥವರ ಪಟ್ಟಿಯಲ್ಲಿ ನಾನು ಗೊರಕೆ ಹೊಡೆಯುತ್ತಾ ಹಾಜರಿ ಹಾಕಿದ್ದೆ! ನೇರವಾಗಿ ಅವರ ಮನೆಗೆ ನಡೆದೆ. ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ.

"ಕಂಡದ್ದಿಲ್ವಾ?"

"ಇಲ್ಲ ಟೀಚರ್."

"ಕೂಗಿದ್ದು?"

"ಕೇಳಿಸಿದ್ದು ನನ್ನ ಗೊರಕೆಯೇ ಇರಬೇಕು."

ಅವರು ಇನ್ನೂ ನಾಲ್ಕು ಕಾಯಿ ಬಿಡಿಸಿದರು. ಆ ನಾಲ್ಕು ಕಾಯಿಗಳಷ್ಟು ಉದ್ದದ ಹೊತ್ತನ್ನು ನಾನು ಮತ್ತೆಂದೂ ಕಳೆದಿಲ್ಲ. ಆಮೇಲೆ, "ನಾನು ಸೋತೆ ಅಂತ ಬೇಜಾರಿರಲಿಲ್ಲ ರೈಟ್ರೇ. ಅವನು ಬಂದಿದ್ದಾನಲ್ಲ, ಬದುಕಿದ್ದಾನಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ಅದೂ ಹೋಯ್ತು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾನು ಹೇಳೋದಿಲ್ಲ. ನೀವೇ ಹೋಗಿ ಉತ್ತಯ್ಯನಿಗೆ ಹೇಳಿ. ನಾಳೆ ಅಲ್ಲ, ಈಗ."

ಹೋದೆ. ಜೆಸಿಬಿಯವನಿಗೆ ಕಾಫಿ ಕೊಡಿಸುತ್ತಿದ್ದ ಉತ್ತಯ್ಯನ ಮುಂದೆ ಎಲ್ಲ ಒಪ್ಪಿಕೊಂಡೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಬಿದ್ದು ಬಿದ್ದು ನಕ್ಕರು. ನಗು ಅರ್ಧದಲ್ಲಿ ನಿಂತಿತು. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಒಂದು ನಿಮಿಷ ರೈಟ್ರೇ. ಹಾಗಾದ್ರೆ ನಮ್ಮ ಅಪ್ಪನ ಕಾಲದ ಚೆಕ್ ರೋಲ್ ಎಲ್ಲ...?" ನಾನು ಜೆಸಿಬಿಯ ಚಕ್ರ ಎಷ್ಟು ದೊಡ್ಡದಿದೆ ಎಂದು ಪರೀಕ್ಷಿಸತೊಡಗಿದೆ. ಏನೇ ಇರಲಿ, ಅವರು ಮಾತಿಗೆ ತಪ್ಪುವವರಲ್ಲ. ಆ ಯಂತ್ರ ಬಂದ ದಾರಿಯಲ್ಲೇ ವಾಪಸು ಹೋಯಿತು. ಅತಿಥಿಗಳು ಈಗ ಕಾರನ್ನು ಕಾಫಿ ಕಣದ ಮೂಲೆಯಲ್ಲಿ ನಿಲ್ಲಿಸಿ ನಡೆದು ಹೋಗುತ್ತಾರೆ. ಸಂಜೆ ಸುದ್ದಿ ತಿಳಿದ ಜಾನಕಿ, "ಕೋಳಿ ಎಣಿಸಿದ್ರೆ ಈ ಗತಿ ಬರ್ತಿತ್ತಾ?" ಎಂದಳು.

ಈ ವರ್ಷವೂ ಟೀಚರ್ ನನ್ನನ್ನೇ ಕರೆದರು. ಅದು ಅವರ ದೊಡ್ಡತನ. ಆದರೆ ಹೊಸದೊಂದು ಕಾನೂನು ಬಂದಿತ್ತು. ಕನಿಷ್ಠ ಇಬ್ಬರಿಗೆ ಕಂಡರೆ ಅಥವಾ ಕೇಳಿಸಿದರೆ ಮಾತ್ರ ಬರೆಯಬೇಕು. ಈ ಕಾನೂನು ಯಾರಿಗಾಗಿ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೆಸರುಗಳನ್ನು ಮೊದಲೇ ಬರೆಯುವ ಹಾಗೂ ಇಲ್ಲ. ಪೆನ್ಸಿಲ್ ಕೂಡ ಇಲ್ಲ, ಪೆನ್ನು.

ಹೊಳೆಬದಿಯಲ್ಲಿ ಸವರಿದ ಕಡೆ ಪೊದೆ ಮೊಣಕಾಲೆತ್ತರ ಬಂದಿತ್ತು. ಟೀಚರ್, ಹಂಝಾಕ ಸಂಕದ ಆ ತುದಿ ಮುಟ್ಟಿದ್ದರು. ನಾನು ಮೊಣಕಾಲು ಒತ್ತಿಕೊಳ್ಳುತ್ತಾ ಈ ಬದಿಯಲ್ಲಿ ನಿಂತಿದ್ದೆ. ಪೂರ್ತಿ ಎಚ್ಚರವಾಗಿದ್ದೆ, ಜಾನಕಿಯ ಆಣೆ. ಎಲೆಗಳ ನಡುವೆ ಸರಸರ ಎಂದಿತು. ಹಸಿರು ಬೆನ್ನು, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಹೊಟ್ಟೆಯ ಕೆಳಗೆ ಕೆಂಪು. ಮೊಟಕು ಬಾಲ ಮೇಲೆ ಕೆಳಗೆ ಆಡಿಸುತ್ತಾ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಹಾಜರಿ ಕೂಗುವುದನ್ನು ಕಾಯುತ್ತಿರುವವನ ಹಾಗೆ ನನ್ನ ಕಡೆ ನೋಡಿತು. "ಟೀಚರ್! ಬಂದಿದ್ದಾನೆ!" ಎಂದು ಕೂಗಿದೆ. ಕೂಗಬಾರದಿತ್ತು. ಅವರು ಹಂಝಾಕನ ಮೊಣಕೈ ಹಿಡಿದುಕೊಂಡು ಓಡಿಬರುವಷ್ಟರಲ್ಲಿ ಒಂದೆರಡು ತರಗೆಲೆ ಅಲುಗುತ್ತಿದ್ದವು, ಅಷ್ಟೆ. ಕಾಲು ಗಂಟೆ ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಏನೂ ಇಲ್ಲ.

"ರೈಟ್ರೇ, ಈ ಸಲ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದ್ದಾ?" ಎಂದರು ಹಂಝಾಕ.

ಟೀಚರ್ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ನಂಬಿದರು ಎಂದೇ ನನಗೆ ಅನ್ನಿಸಿತು. ಅವರ ಕಣ್ಣು ಹೊಳೆಯುತ್ತಿತ್ತು. ಆದರೂ, "ಇಬ್ಬರು ಕಾಣಬೇಕಲ್ಲ ರೈಟ್ರೇ" ಎಂದರು.

"ಹೌದು ಟೀಚರ್" ಎಂದೆ. ಪುಸ್ತಕ ಮುಚ್ಚಿದೆ. ಚುಕ್ಕಿಯನ್ನೂ ಇಡಲಿಲ್ಲ. ಜೀವಮಾನವಿಡೀ ಬಾರದವರಿಗೆಲ್ಲ ಹಾಜರಿ ಹಾಕಿದ ನಾನು, ಎದುರಿಗೆ ಬಂದು ನಿಂತವನನ್ನು ಕಣ್ಣಾರೆ ಕಂಡೂ ಗೈರುಹಾಜರಿ ಮಾಡಿದ್ದು ಅದೇ ಮೊದಲು.