ಕಣತಲೆಯಿಂದ ಒಂದು ತುಂಡು

ಬೀದಿಯವರ ತಲೆಯನ್ನೆಲ್ಲ ಬಾಚುವ ಕ್ಷೌರಿಕ ನಾಜೂಕಯ್ಯನಿಗೆ ತನ್ನ ತಲೆ ಬಾಚಿಕೊಳ್ಳುವುದೇ ಆಗುತ್ತಿರಲಿಲ್ಲ. ಬಲಗಣ್ಣಿನ ಪಕ್ಕದ ಕಣತಲೆಗೆ ಬಾಚಣಿಗೆ ತಾಗಿದರೆ ಸಾಕು, ಕೆಂಡ ಇಟ್ಟಂತಾಗುತ್ತಿತ್ತು. ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತಿತ್ತು. ಅರವತ್ತಾರರ ವಯಸ್ಸು, ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದ. ಆದರೆ ಒಂದು ಬೆಳಿಗ್ಗೆ ಬಲಗಣ್ಣಿಗೆ ಪರದೆ ಎಳೆದಂತಾಗಿ ಎರಡು ನಿಮಿಷ ಏನೂ ಕಾಣಲಿಲ್ಲ. ಹೆಂಡತಿ ತೋಳು ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ತಲೆಯ ರಕ್ತನಾಳ ಊದಿಕೊಂಡಿರೋ ಹಾಗಿದೆ," ಎಂದರು ಡಾಕ್ಟರಮ್ಮ. "ಬಿಟ್ರೆ ಕಣ್ಣು ಹೋಗುತ್ತೆ. ಮಾತ್ರೆ ಇವತ್ತೇ ಶುರು ಮಾಡಿ. ಗುರುವಾರ ಕಣತಲೆಯಿಂದ ನಾಳದ ಒಂದು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸೋಣ."

ಹೆಂಡತಿ ಇದನ್ನು ಪಕ್ಕದಂಗಡಿಯ ದರ್ಜಿಗೆ ಹೇಳುವಾಗ 'ನಾಳ' ಎಂಬ ಮಾತು ಬಿಟ್ಟುಹೋಯಿತು. ತಲೆಯಿಂದ ತುಂಡು ತೆಗೆಯುತ್ತಾರೆ ಎಂದಷ್ಟೇ ದರ್ಜಿಗೆ ಗೊತ್ತಾಯಿತು. ಆತ ಅದನ್ನು ನಿವೃತ್ತ ಮೇಷ್ಟ್ರಿಗೆ ದಾಟಿಸಿದ. ತಲೆಯೊಳಗೆ ಮಿದುಳಲ್ಲದೆ ಮತ್ತೇನಿರುತ್ತದೆ ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಗುರುವಾರ ಬೆಳಿಗ್ಗೆ 'ಇಂದು ರಜೆ' ಎಂಬ ಚೀಟಿ ಅಂಟಿಸಲು ನಾಜೂಕಯ್ಯ ಹೋದರೆ ಅಂಗಡಿಯ ಮುಂದೆ ಒಂಬತ್ತು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಹಿಂದಿನ ವಾರವಷ್ಟೇ ಕೂದಲು ಕತ್ತರಿಸಿಕೊಂಡವರು.

"ಏನ್ರಪ್ಪಾ ಇದು?"

ದರ್ಜಿ ನೆಲ ನೋಡುತ್ತ ಹೇಳಿದ, "ಅಣ್ಣಾ, ತಪ್ಪು ತಿಳ್ಕೋಬೇಡ. ನಾಳೆಯಿಂದ ನಿನಗೆ ಕಸುಬು ನೆನಪಿರುತ್ತೋ ಇಲ್ವೋ. ಅದಕ್ಕೇ ಎಲ್ಲರೂ ಇವತ್ತೇ ಮುಗಿಸ್ಕೊಳ್ಳೋಣ ಅಂತ."

ಮಿದುಳಲ್ಲ, ಬೆಂಕಿಕಡ್ಡಿ ದಪ್ಪದ ನಾಳ ಎಂದು ನಾಜೂಕಯ್ಯ ಗಂಟಲು ಹರಿದುಕೊಂಡ. ಮೇಷ್ಟ್ರು ಅವನ ಬೆನ್ನು ತಟ್ಟಿದರು. "ರೋಗಿಗೆ ನಿಜ ಹೇಳೋದಿಲ್ಲ ಕಣಯ್ಯ. ನನ್ನ ಮೀಸೆ ಯಾವ ಕೋನಕ್ಕೆ ಕತ್ತರಿಸ್ತೀಯ ಅಂತ ಒಂದು ಚೀಟೀಲಿ ಬರೆದಿಡು."

ಬಂದವರನ್ನು ಕಳಿಸಲು ಮನಸ್ಸು ಬಾರದೆ ನಾಲ್ಕು ತಲೆ ಮುಗಿಸಿದ. ಐದನೆಯವರು ಕೂರುವಷ್ಟರಲ್ಲಿ ಹೆಂಡತಿ ಬಂದು ಅವನ ಕೈಯಿಂದ ಕತ್ತರಿ ಕಿತ್ತುಕೊಂಡಳು.

ಆಸ್ಪತ್ರೆಗೆ ಒಂದು ಗಂಟೆ ತಡವಾಗಿ ಹೋಗಿ ಬೈಸಿಕೊಂಡದ್ದಾಯಿತು. ನರ್ಸ್ ಕಣತಲೆಯ ಕೂದಲು ಬೋಳಿಸತೊಡಗಿದಾಗ ಅವನಿಗೆ ಸುಮ್ಮನಿರಲಾಗಲಿಲ್ಲ. "ರೇಜರನ್ನ ಅಷ್ಟು ನೆಟ್ಟಗೆ ಹಿಡೀಬಾರದಮ್ಮ, ಮಲಗಿಸಿ ಹಿಡಿ." ನರ್ಸ್ ಮಲಗಿಸಿ ಹಿಡಿದಳು. ಆಮೇಲೆ ಸೂಜಿ ಚುಚ್ಚಿ ಆ ಜಾಗವನ್ನು ಮರಗಟ್ಟಿಸಿದರು, ಮುಖದ ಮೇಲೆ ಬಟ್ಟೆ ಬಿತ್ತು. ಎಚ್ಚರವಾಗಿಯೇ ಇದ್ದ ನಾಜೂಕಯ್ಯ ಹೆದರಿಕೆಗೆ ಮಾತಿಗಿಳಿದ. ಮೊಮ್ಮಗಳ ಶಾಲೆಯ ವಿಷಯಕ್ಕೆ ಬರುವಷ್ಟರಲ್ಲಿ ಶಸ್ತ್ರವೈದ್ಯರು, "ಯಜಮಾನ್ರೇ, ನೀವು ದವಡೆ ಆಡಿಸಿದ್ರೆ ನಾಳ ಕುಣಿಯುತ್ತೆ," ಎಂದರು.

ಕ್ಷೌರಿಕನೊಬ್ಬ ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು. ಆ ಮೌನದಲ್ಲಿ ಒಂದೇ ಯೋಚನೆ: ಕಣ್ಣು ಹೋದರೆ ಕಿವಿಯ ಹಿಂದಿನ ಕೂದಲನ್ನು ಬೆರಳಿನಿಂದ ನೋಡಿ ಕತ್ತರಿಸಲಾದೀತೆ? ಆಗದು ಎನಿಸಿ ಬಟ್ಟೆಯಡಿಯಲ್ಲೇ ಕಣ್ಣು ಒದ್ದೆಯಾಯಿತು.

ಸಂಜೆ ಪಟ್ಟಿ ಕಟ್ಟಿಕೊಂಡು ಬೀದಿಗೆ ಬಂದಾಗ ಮೇಷ್ಟ್ರು ಅವನ ನೆನಪನ್ನು ಪರೀಕ್ಷಿಸಲು ಸಿದ್ಧರಾಗಿ ನಿಂತಿದ್ದರು.

"ಏಳೆಂಟ್ಲ?"

"ಐವತ್ತಾರು."

"ನಾನು ಯಾರು?"

"ತಲೇಲಿ ಹನ್ನೆರಡು ಕೂದಲಿಟ್ಕೊಂಡು ಹದಿನೈದು ದಿನಕ್ಕೊಮ್ಮೆ ಬಂದು ಅರ್ಧ ಗಂಟೆ ಕೂರೋರು."

ಮೇಷ್ಟ್ರು ದರ್ಜಿಯ ಕಡೆ ತಿರುಗಿ, "ನೆನಪು ಕೆಟ್ಟಿಲ್ಲ," ಎಂದರು.

ಮುಂದಿನ ಬುಧವಾರ ವರದಿ ಬಂತು. ತುಂಡಿನಲ್ಲಿ ಊತದ ಸುಳಿವೇ ಇಲ್ಲ. ನಾಜೂಕಯ್ಯನ ಕಾಲು ನೆಲಕ್ಕೆ ತಾಗಲಿಲ್ಲ. ಆ ಮಾತ್ರೆ ನುಂಗಿ ನಿದ್ದೆ ಹಾರಿಹೋಗಿತ್ತು, ಹಸಿವು ಮಾತ್ರ ತೋಳದ್ದಾಗಿತ್ತು. ಇನ್ನು ಅದರ ಸಹವಾಸ ಸಾಕು ಎಂದು ಅಂದಿನ ಮಾತ್ರೆ ಮುಟ್ಟದೆಯೇ ಡಾಕ್ಟರಮ್ಮನ ಮುಂದೆ ಕೂತ. "ಮೇಡಂ, ಕಾಯಿಲೆ ಇಲ್ಲವಂತೆ."

"ಆ ತುಂಡಲ್ಲಿ ಇಲ್ಲ," ಎಂದರು ಅವರು. "ಈ ಊತ ನಾಳದುದ್ದಕ್ಕೂ ಒಂದೇ ಸಮ ಇರೋದಿಲ್ಲ. ಅಲ್ಲಲ್ಲಿ ಬಿಟ್ಟು ಬಿಟ್ಟು ಇರುತ್ತೆ. ನಮಗೆ ಸಿಕ್ಕಿದ್ದು ಒಳ್ಳೆಯ ಜಾಗ. ನಿಮ್ಮ ದವಡೆ ನೋವು, ಕಣ್ಣು, ರಕ್ತಪರೀಕ್ಷೆ, ಮಾತ್ರೆಗೆ ಎರಡೇ ದಿನದಲ್ಲಿ ನೋವು ಇಳಿದಿದ್ದು, ಎಲ್ಲ ಸೇರಿಸಿದ್ರೆ ಕಾಯಿಲೆ ಇದ್ದೇ ಇದೆ. ಮಾತ್ರೆ ಇನ್ನೂ ವರ್ಷದ ಮೇಲೆ ಬೇಕು. ಮೆಲ್ಲಗೆ ಕಡಿಮೆ ಮಾಡೋಣ."

ನಾಜೂಕಯ್ಯ ಕಣತಲೆಯ ಗಾಯ ಮುಟ್ಟಿ ನೋಡಿಕೊಂಡ. "ಅಂದ್ರೆ ಚೆನ್ನಾಗಿದ್ದಿದ್ದನ್ನ ಕತ್ತರಿಸ್ಕೊಂಡು, ಕೆಟ್ಟಿದ್ದನ್ನ ನನ್ನ ಹತ್ರಾನೇ ಬಿಟ್ರಾ?"

"ಹೆಚ್ಚುಕಮ್ಮಿ ಹಾಗೇ."

ಹೆಂಡತಿ ಗೋಡೆಯ ಮೇಲಿನ ಅಕ್ಷರಗಳ ಹಲಗೆ ತೋರಿಸಿದಳು. "ರೀ, ಎಡಗಣ್ಣು ಮುಚ್ಚಿ ಕೊನೇ ಸಾಲು ಓದಿ ನೋಡೋಣ."

ಆತ ಐದೂ ಅಕ್ಷರ ತಪ್ಪಿಲ್ಲದೆ ಓದಿದ. ಓದಿ ಮುಗಿಸುವಷ್ಟರಲ್ಲಿ ಬೆಳಿಗ್ಗೆ ಬಿಟ್ಟ ಮಾತ್ರೆ, ಒಂದು ಬಿಸ್ಕತ್ತು, ನೀರಿನ ಬಾಟಲಿ ಮೂರೂ ಅವಳ ಚೀಲದಿಂದ ಹೊರಬಂದಿದ್ದವು. ನಾಜೂಕಯ್ಯ ಕೈ ಚಾಚಿದ.